ಒಬ್ಬ ಸಹೋದರಿ

ಚರ್ಚಿನ ಸಭೆಯ ಹೆಂಗಸರ ಫೋನ್ ಗ್ರೂಪಿನಲ್ಲಿ ಪ್ರತಿ ಬೆಳಿಗ್ಗೆ ಒಬ್ಬರು ತಮ್ಮ ಧ್ವನಿಯಲ್ಲೇ ಪ್ರಾರ್ಥನೆ ಮಾಡಿ ಕಳಿಸಬೇಕು ಎಂಬ ಏರ್ಪಾಟು ಶುರುವಾದಾಗ, ಎಲ್ಲರೂ ಸರದಿಯ ಪ್ರಕಾರ ಮಾಡಲಿ ಎಂದೇ ಪಾಸ್ಟರಮ್ಮ ಹೇಳಿದ್ದರು. ಸರದಿ ಹೆಚ್ಚು ದಿನ ನಿಲ್ಲಲಿಲ್ಲ. ಒಬ್ಬರಿಗೆ ಗಂಟಲು ಕಟ್ಟಿತು. ಇನ್ನೊಬ್ಬರ ಮನೆಯ ಕುಕ್ಕರ್ ನಟ್ಟನಡುವೆ ಕೂಗಿ ಪ್ರಾರ್ಥನೆ ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಮತ್ತೊಬ್ಬರು ಬಟನ್ ಒತ್ತಿ ಹಿಡಿಯುವುದನ್ನು ಮರೆತು ಕಣ್ಣು ಮುಚ್ಚಿ ಮನಸಾರೆ ಬೇಡಿಕೊಂಡು, ಕಡೆಯ 'ಆಮೆನ್' ಒಂದನ್ನು ಮಾತ್ರ ಕಳಿಸಿದರು. ಹೀಗೆ ಕೈಯಿಂದ ಕೈಗೆ ದಾಟುತ್ತಾ ಆ ಕೆಲಸ ಕಡೆಗೆ ಕನ್ನಡಕದಂಗಡಿಯ ಅಕ್ಕನ ಹತ್ತಿರ ಬಂದು ಅಲ್ಲೇ ಬೇರೂರಿತು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ, ಅಕ್ಕ ಎಂದು. ಊರಿನ ದೊಡ್ಡ ರಸ್ತೆಯ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಗಾಜಿನ ಮೇಲೆ ಚುಕ್ಕೆ ಗುರುತು ಮಾಡುವುದು, ಯಂತ್ರಕ್ಕೆ ಕೊಟ್ಟು ಅಂಚು ಉಜ್ಜುವುದು, ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಮೆತ್ತಗೆ ಮಾಡಿ ಗಾಜನ್ನು ಅದರೊಳಗೆ ಕೂರಿಸುವುದು. ದಿನವಿಡೀ ಮಾತಿಗೆ ಎಡೆಯಿಲ್ಲದ ಕೆಲಸ. ಅದಕ್ಕೇ ಇರಬೇಕು, ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ, ಫೋನನ್ನು ತುಟಿಯ ಹತ್ತಿರ ಹಿಡಿದು "ತಂದೆಯೇ" ಎಂದಳೆಂದರೆ ಮಾತು ತಾನಾಗಿ ಹರಿಯುತ್ತಿತ್ತು. ಅವಳ ದನಿ ತಗ್ಗಿನದು. ಅಳುವಿನ ಅಂಚಿಗೆ ಹೋಗಿ, ಅಳದೆ ಹಿಂದಿರುಗುವ ದನಿ.

"ನಿಮ್ಮ ಪ್ರಾರ್ಥನೆ ಕೇಳಿ ಸಾರು ಹೊತ್ತಿಸಿಬಿಟ್ಟೆ ಅಕ್ಕ," ಎಂದು ಒಬ್ಬರು ಬರೆಯುತ್ತಿದ್ದರು. ಗ್ರೂಪಿನಲ್ಲಿ ಎಲ್ಲರಿಗಿಂತ ಮೊದಲು ಗುಲಾಬಿ ಹೂವಿನ ಚಿತ್ರ ಹಾಕುತ್ತಿದ್ದುದರಿಂದ ಗುಡ್‌ಮಾರ್ನಿಂಗ್ ಆಂಟಿ ಎಂದೇ ಹೆಸರಾಗಿದ್ದ ಹಿರಿಯರೊಬ್ಬರು ಕೈಮುಗಿದ ಗುರುತುಗಳನ್ನು ಸಾಲಾಗಿ ಸುರಿಯುತ್ತಿದ್ದರು. ಅಕ್ಕ ಅವನ್ನೆಲ್ಲ ಬಸ್ಸಿನಲ್ಲಿ ನಿಂತು ಓದುತ್ತಿದ್ದಳು. ಓದಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ತನ್ನದೇ ಪ್ರಾರ್ಥನೆಯನ್ನು ಇನ್ನೊಮ್ಮೆ ಕೇಳುತ್ತಿದ್ದಳು. ಎಲ್ಲಿ ತಡವರಿಸಿದೆ ಎಂದು ನೋಡಿಕೊಳ್ಳಲು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಗ್ರೂಪಿನಲ್ಲಿ ಒಂದು ಕಟ್ಟುಪಾಡಿತ್ತು. ಯಾರ ಕಷ್ಟಕ್ಕಾಗಿ ಬೇಡಿದರೂ ಹೆಸರು ಹೇಳುವಂತಿಲ್ಲ. 'ಒಬ್ಬ ಸಹೋದರಿ' ಎನ್ನಬೇಕು, ಅಷ್ಟೇ. ಒಬ್ಬ ಸಹೋದರಿಯ ಗಂಡ ಕುಡಿತ ಬಿಡಲಿ. ಒಬ್ಬ ಸಹೋದರಿಯ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ. ಆ ಸಹೋದರಿ ಯಾರೆಂದು ಮಧ್ಯಾಹ್ನದೊಳಗೆ ಒಬ್ಬಿಬ್ಬರು ಪತ್ತೆ ಹಚ್ಚುತ್ತಿದ್ದರು, ಅದು ಬೇರೆ ಮಾತು. ಆದರೂ ಆ ಪದ ಒಂದು ತೆಳು ಪರದೆಯ ಹಾಗೆ ಇತ್ತು. ಸಭೆಯಲ್ಲಿ ಎಲ್ಲ ಹೆಂಗಸರೂ ಸಹೋದರಿಯರೇ ಆದ್ದರಿಂದ ಅದರ ಹಿಂದೆ ಯಾರು ಬೇಕಾದರೂ ನಿಲ್ಲಬಹುದಿತ್ತು.

ಅಕ್ಕನಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ. ತಾಯಿ ಬೇಗ ಹೋದದ್ದರಿಂದ ಅವಳಿಗೆ ತಲೆ ಬಾಚಿದವಳೂ, ತಪ್ಪು ಮಾಡಿದಾಗ ಬೆನ್ನಿಗೆ ಎರಡು ಬಿಟ್ಟವಳೂ, ಮದುವೆ ಮಾಡಿ ಕಳಿಸಿದವಳೂ ಅಕ್ಕನೇ. ಈಗಲೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು. ಭಾನುವಾರ ಆರಾಧನೆಯ ಹೊತ್ತಿಗೆ ಸಭೆಯ ಹಿಂದಿನ ಕೋಣೆಯಲ್ಲಿ ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳುವುದು ತಂಗಿಯ ಪಾಲಿನ ಕೆಲಸ. ಫೋನಿನ ಗ್ರೂಪಿಗೆ ಮಾತ್ರ ಅವಳು ಸೇರಿರಲಿಲ್ಲ. ಅವಳಿಗೆ ಚೊಚ್ಚಲ ಹೆರಿಗೆಯಾಗಿ, ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಆಮೇಲೂ ಅವಳು ಆ ತರಗತಿಯನ್ನು ಬಿಡಲಿಲ್ಲ. ಎಂಥ ನಂಬಿಕೆ ನೋಡಿ ಎಂದು ಜನ ಆಡಿಕೊಂಡರು.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದಳು. ಮಾಲೀಕರು ಊಟಕ್ಕೆ ಹೋಗಿದ್ದರು. ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು, ಬೇಡದ ಗಾಜಿನ ಚೂರೊಂದನ್ನು ಬೆಳಕಿಗೆ ಹಿಡಿದು ತಿರುಗಿಸತೊಡಗಿದಳು.

"ಕೈ ಕುಯ್ಕೋತೀಯ, ಇಡೇ ಅದನ್ನ," ಎಂದಳು ಅಕ್ಕ.

"ಅಕ್ಕಾ, ನಂಗೆ ಪ್ರಾರ್ಥನೆ ಬರ್ತಿಲ್ಲ."

"ಬರ್ದೆ ಏನು? ಬಾಯಿಪಾಠ ಮಾಡಿ ಒಪ್ಪಿಸೋಕೆ ಅದೇನು ಮಗ್ಗಿನಾ?"

ತಂಗಿ ನಗಲಿಲ್ಲ. "ಕಣ್ಣು ಮುಚ್ತೀನಿ. ಅಲ್ಲಿ ಯಾರೂ ಇಲ್ಲ ಅನ್ಸುತ್ತೆ. ಖಾಲಿ ಮನೆ ಬಾಗಿಲು ಬಡಿದಂಗೆ. ಬಡಿದೂ ಬಡಿದೂ ನಂಗೇ ನಾಚಿಕೆ ಆಗೋಯ್ತು, ನಿಲ್ಲಿಸಿಬಿಟ್ಟೆ. ಮಗು ಹೋದಾಗಿಂದ."

ಅಕ್ಕ ಯಂತ್ರ ನಿಲ್ಲಿಸಿದಳು. "ಮತ್ತೆ ಮಕ್ಕಳಿಗೆ ಕತೆ ಹೇಳ್ತೀಯಲ್ಲ?"

"ಅದೇ ಅಕ್ಕ. ಆ ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾ ಕೂತಿರ್ತವಲ್ಲ, ಆಗೊಂದು ಗಳಿಗೆ ಮಾತ್ರ ಯಾರೋ ಇದ್ದಾರೆ ಅನ್ಸುತ್ತೆ. ಅದೊಂದೇ ಉಳ್ಕೊಂಡಿರೋದು. ಅದೂ ಇಲ್ದಿದ್ರೆ..." ಮಾತು ಅಲ್ಲಿಗೇ ನಿಂತಿತು. ಆಮೇಲೆ ಹೇಳಿದಳು: "ಯಾರಿಗೂ ಹೇಳ್ಬೇಡ. ಇವರಿಗೂ ಹೇಳಿಲ್ಲ ನಾನು."

"ನಾನ್ಯಾರಿಗೆ ಹೇಳ್ಲಿ ಪುಟ್ಟಿ? ದೇವರಿಗೆ ಬಿಟ್ಟು."

"ದೇವರಿಗೂ ಸದ್ಯಕ್ಕೆ ಬೇಡ," ಎಂದು ತಂಗಿ ಆಗ ನಕ್ಕಳು. ಅವಳ ಹಳೆಯ ನಗುವೇ ಅದು. ಅಕ್ಕನಿಗೆ ಅಷ್ಟು ಸಾಕಾಯಿತು. ಇಬ್ಬರೂ ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಕುಡಿದರು.

ಆ ಮಾತು ಅಕ್ಕನ ಎದೆಯಲ್ಲಿ ಕಲ್ಲಿನ ಹಾಗೆ ಕೂತುಬಿಟ್ಟಿತು. ಅದನ್ನು ಹೊತ್ತುಕೊಂಡೇ ಮಲಗಿದಳು, ಹೊತ್ತುಕೊಂಡೇ ಎದ್ದಳು. ಬೆಳಿಗ್ಗೆ ಕಟ್ಟೆಗೆ ಒರಗಿ ಕಣ್ಣು ಮುಚ್ಚಿ ಫೋನಿನ ಬಟನ್ ಒತ್ತಿದಾಗ, ಬೇರೆ ಯಾರ ಕಷ್ಟವೂ ನೆನಪಿಗೆ ಬರಲಿಲ್ಲ.

"ತಂದೆಯೇ, ಒಬ್ಬ ಸಹೋದರಿ ನಿನ್ನ ಬಾಗಿಲು ಬಡಿದು ಬಡಿದು ದಣಿದಿದ್ದಾಳೆ," ಎಂದು ಶುರು ಮಾಡಿದಳು. "ಒಳಗೆ ಯಾರೂ ಇಲ್ಲ ಅಂದುಕೊಂಡಿದ್ದಾಳೆ. ಬಡಿಯುವುದಕ್ಕೆ ನಾಚಿಕೆಪಡುತ್ತಿದ್ದಾಳೆ." ದನಿ ಅಂಚಿಗೆ ಹೋಯಿತು. ಎಂದೂ ಆಗದ್ದು ಅಂದು ಆಯಿತು, ಅದು ಹಿಂದಿರುಗಲಿಲ್ಲ. "ಬಾಗಿಲು ತೆಗಿಯಪ್ಪಾ. ನನ್ನ ತಂಗಿ ಕಣಪ್ಪಾ ಅವಳು. ಬರಿಗೈಯಲ್ಲಿ ಹೊರಗೆ ನಿಂತಿದ್ದಾಳೆ, ನನ್ನ ತಂಗಿ."

ಆಮೆನ್ ಎಂದು ಬೆರಳೆತ್ತಿದಳು. ಬೆರಳೆತ್ತಿದ ಕೂಡಲೇ ಅದು ಹೋಯಿತು.

ಕಣ್ಣೊರೆಸಿಕೊಂಡು ಕೇಳಿಸಿಕೊಂಡಳು. 'ತಂಗಿ' ಎಂಬ ಮಾತು ಬಂದಾಗ ಕೈ ತಡೆಯಿತು. ಅಳಿಸಬಹುದಿತ್ತು. ಇನ್ನೂ ಯಾರೂ ಕೇಳಿರಲಿಲ್ಲ. ಸಹೋದರಿ ಎಂದು ಸರಿಮಾಡಿ ಇನ್ನೊಮ್ಮೆ ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತಿನಿಂದಲೇ ಪ್ರಾರ್ಥನೆಗೆ ಜೀವ ಬಂದಿದೆ ಎಂಬುದು ಅವಳ ಕಿವಿಗೆ ಗೊತ್ತಾಗಿತ್ತು. ಇನ್ನೊಮ್ಮೆ ಹೇಳಿದರೆ ಹಾಗೆ ಬರುವುದಿಲ್ಲ. ಅವಳು ನೋಡುತ್ತಿದ್ದ ಹಾಗೇ ಮೊದಲ ಕೈಮುಗಿದ ಗುರುತು ಬಂದು ಬಿತ್ತು. ಹಿಂದೆಯೇ ಇನ್ನೊಂದು. ಸಭೆಯವರೆಲ್ಲ ತಂಗಿಯರೇ ತಾನೇ, ಯಾರು ಅಷ್ಟೆಲ್ಲ ಲಕ್ಷ್ಯ ಕೊಡುತ್ತಾರೆ ಎಂದುಕೊಂಡು ಅವಳು ಡಬ್ಬಿಗೆ ಊಟ ತುಂಬಿಕೊಂಡು ಹೊರಟಳು.

ಆದರೆ ಆ ಗ್ರೂಪಿನಲ್ಲಿ ಯಾರೂ ಯಾರನ್ನೂ ತಂಗಿ ಎನ್ನುತ್ತಿರಲಿಲ್ಲ. ಅದು ಮನೆಯ ಮಾತು.

ಬಸ್ಸು ಇಳಿಯುವಷ್ಟರಲ್ಲಿ ಗುಡ್‌ಮಾರ್ನಿಂಗ್ ಆಂಟಿ ಬರೆದಿದ್ದರು: "ನಮ್ಮ ಸಂಡೇ ಸ್ಕೂಲ್ ಟೀಚರಮ್ಮನ ನಂಬಿಕೆ ಮರಳಿ ಬರಲಿ ಎಂದು ಎಲ್ಲರೂ ಒಂದು ಹೊತ್ತು ಉಪವಾಸ ಮಾಡೋಣ." ಕೆಳಗೆ ಒಬ್ಬೊಬ್ಬರಾಗಿ ಒಪ್ಪಿಗೆ ಕೊಡುತ್ತಾ ಬಂದಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದನ್ನೇ ಅಕ್ಕ ಮುಂದೆ ಎಷ್ಟೋ ಸಲ ನೆನೆಯುತ್ತಿದ್ದಳು. ಕೆಟ್ಟ ಮನಸ್ಸಿನವರಾಗಿದ್ದರೆ ಜಗಳವಾಡಬಹುದಿತ್ತು.

ಆ ಭಾನುವಾರ ತಂಗಿ ಎಂದಿನಂತೆ ಕತೆ ಹೇಳುವ ಚಿತ್ರದ ಹಲಗೆಗಳನ್ನು ಎದೆಗವಚಿಕೊಂಡು ಹಿಂದಿನ ಕೋಣೆಗೆ ಹೋದಾಗ, ಅಲ್ಲಿ ಬೇರೊಬ್ಬಳು ಹುಡುಗಿ ಮಕ್ಕಳನ್ನು ಕೂರಿಸಿಕೊಂಡಿದ್ದಳು. ಪಾಸ್ಟರಮ್ಮ ತಂಗಿಯ ಭುಜದ ಮೇಲೆ ಕೈಯಿಟ್ಟು, "ನೀನು ಸ್ವಲ್ಪ ದಿನ ಸುಧಾರಿಸ್ಕೋಮ್ಮಾ. ಎಲ್ಲರೂ ನಿಂಗೋಸ್ಕರ ಬೇಡ್ಕೋತಿದ್ದಾರೆ," ಎಂದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಮಗು ಎದ್ದು ಬಂದು ತಂಗಿಯ ಸೆರಗು ಹಿಡಿಯಿತು. ಹೊಸ ಹುಡುಗಿ ಬಂದು, ನಗುತ್ತಲೇ, ಅದರ ಬೆರಳು ಬಿಡಿಸಿಕೊಂಡು ಹೋದಳು.

ತಂಗಿ ಅಕ್ಕನ ಹತ್ತಿರ ಬಂದಳು. ದನಿಯೇರಿಸಲಿಲ್ಲ.

"ದೇವರಿಗೆ ಬಿಟ್ಟು ಯಾರಿಗೂ ಹೇಳಲ್ಲ ಅಂದಿದ್ದೆ."

"ದೇವರಿಗೇ ಹೇಳಿದ್ದು ಪುಟ್ಟಿ. ನಿನ್ನಾಣೆ. ಜನಕ್ಕೆ ಅಂತ ಹೇಳಿದ್ದಲ್ಲ."

"ದೇವರು ಆ ಗ್ರೂಪಲ್ಲಿ ಇದಾನಾ ಅಕ್ಕಾ?"

ಅಕ್ಕ ಅವಳ ಕೈಯ ಹಲಗೆಗಳನ್ನು ತೆಗೆದುಕೊಳ್ಳಲು ಕೈ ಚಾಚಿದಳು. ತಂಗಿ ಹಿಂದೆ ಸರಿದಳು.

"ಇನ್ಮೇಲೆ ನಂಗೋಸ್ಕರ ಪ್ರಾರ್ಥನೆ ಮಾಡ್ಬೇಡ," ಎಂದು ತಂಗಿ ಗಂಡನ ಸ್ಕೂಟರಿನ ಕಡೆ ನಡೆದಳು. ಆ ಮನುಷ್ಯ ಏನೂ ತಿಳಿಯದವನಂತೆ ಇಬ್ಬರನ್ನೂ ನೋಡಿದ. ಅವನಿಗೂ ವಿಷಯ ತಲುಪಿದ್ದು ಗ್ರೂಪಿನಿಂದಲೇ. ಹೆಂಡತಿ ತನಗೆ ಹೇಳದ ಮಾತನ್ನು ತನ್ನ ಚಿಕ್ಕಮ್ಮನ ಫೋನಿನಲ್ಲಿ ಅವನು ಕೇಳಿದ್ದ.

ಅಕ್ಕ ಆ ಪ್ರಾರ್ಥನೆಯನ್ನು ಅಳಿಸಲು ನೋಡಿದಳು. ಆಗಲೇ ಹೊತ್ತು ಮೀರಿತ್ತು. ಅವಳ ಫೋನಿನಲ್ಲಿ ಮಾತ್ರ ಅಳಿಸಿಹೋಯಿತು, ಉಳಿದವರಲ್ಲಿ ಹಾಗೇ ಉಳಿಯಿತು. ಮರುದಿನ ಪಾಸ್ಟರಮ್ಮನ ಮನೆಗೆ ಹೋಗಿ, ತರಗತಿ ಒಂದನ್ನಾದರೂ ಅವಳಿಗೆ ವಾಪಸು ಕೊಡಿ ಎಂದು ಅಂಗಲಾಚಿದಳು. ಪಾಸ್ಟರಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದರು.

"ನಾನೇನು ಅವಳನ್ನ ತೆಗೆದು ಹಾಕಿದ್ದೀನಾ? ಎಲ್ಲ ಸರಿಹೋಯ್ತು ಅಂತ ಅವಳೊಂದು ಮಾತು ಹೇಳಲಿ, ಮುಂದಿನ ವಾರವೇ ಬರಲಿ. ಚಿಕ್ಕ ಮಕ್ಕಳ ವಿಷಯ ಅಕ್ಕಾ. ತಾಯಂದಿರು ಕೇಳ್ತಾರೆ, ನಾನೇನು ಹೇಳ್ಲಿ?"

"ನಾನೇ ತಪ್ಪು ತಿಳ್ಕೊಂಡೆ ಅನ್ನಿ. ನಂದೇ ಬಾಯಿ ತಪ್ಪಿತು ಅನ್ನಿ."

"ಹೌದಾ? ತಪ್ಪು ತಿಳ್ಕೊಂಡ್ರಾ?" ಪಾಸ್ಟರಮ್ಮ ತಲೆಯೆತ್ತಿ ನೇರ ನೋಡಿದರು.

ಅಕ್ಕ ಸುಳ್ಳು ಹೇಳಲಾರದೆ ತಲೆತಗ್ಗಿಸಿದಳು. ತಂಗಿಯೂ ಹೇಳುವವಳಲ್ಲ. ಸುಳ್ಳು ಹೇಳಬಾರದು ಎಂದು ಬೆನ್ನಿಗೆ ಹೊಡೆದು ಕಲಿಸಿದವಳು ಅಕ್ಕನೇ.

ಅದೇ ವಾರ ಅಂಗಡಿಗೆ ಒಬ್ಬ ಅಜ್ಜಿ ಬಂದರು. ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ದೂರು. ಮಾಲೀಕರು ಅವರನ್ನು ಹಿಂದಿನ ಕೋಣೆಗೆ ಕಳಿಸಿದರು. ಅಕ್ಕ ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಾಗಿಸುತ್ತಿದ್ದರೆ, ಅಜ್ಜಿ ಸ್ಟೂಲಿನ ಮೇಲೆ ಕೂತು ಹೊತ್ತು ಕಳೆಯಲು ಫೋನು ತೆಗೆದರು.

"ನೀನೂ ನಂಬಿಕೆಯವಳೇ ಅಲ್ವಾ? ಕುತ್ತಿಗೇಲಿ ಶಿಲುಬೆ ಇದೆ, ಅದಕ್ಕೆ ಕೇಳಿದೆ. ಇದನ್ನ ಕೇಳಮ್ಮ ಒಂದ್ಸಲ. ನನ್ನ ಸೊಸೆಯ ಅಕ್ಕ ಕಳಿಸಿದ್ದು. ಬೇಡ್ಕೊಂಡಿರೋಳು ಯಾವೂರವಳೋ ಏನೋ, ಬಾಯಲ್ಲಿ ಜೇನೇ ಇಟ್ಕೊಂಡಿದಾಳೆ."

ಫೋನಿನ ತೆರೆಯ ಮೇಲೆ ಸೂರ್ಯ ಮೂಡುವ ಚಿತ್ರ. ಹಿಂದಿನಿಂದ ಮೆಲ್ಲಗೆ ಪಿಟೀಲು. ಅದರ ಮೇಲೆ ಅವಳ ದನಿ. ಬಾಗಿಲು ತೆಗಿಯಪ್ಪಾ, ನನ್ನ ತಂಗಿ ಕಣಪ್ಪಾ ಅವಳು. ಯಾರೋ ಪಿಟೀಲನ್ನು ಸರಿಯಾಗಿ ಆ ಮಾತಿನ ಹತ್ತಿರ ಏರಿಸಿದ್ದರು.

ಅಕ್ಕ ಕೇಳಿದಳು. ಹೊರಗಿನವಳ ಕಿವಿಯಿಂದ ಮೊದಲ ಸಲ ಕೇಳಿದಳು. ಅಲ್ಲಿ ತಂಗಿ ಇರಲಿಲ್ಲ. ಅವಳ ಸತ್ತ ಮಗು, ಸ್ಟೂಲಿನ ಮೇಲೆ ಕೂತು ಬೆಳಕಿಗೆ ಹಿಡಿದ ಗಾಜಿನ ಚೂರು, ಮಾತು ನಿಂತುಹೋದ ಜಾಗ, ಯಾವುದೂ ಇರಲಿಲ್ಲ. ಇದ್ದದ್ದು ಒಂದು ಸೊಗಸಾದ ದನಿ, ತಾನು ಅಳುತ್ತಿರುವುದು ತನಗೇ ಚೆನ್ನಾಗಿ ಗೊತ್ತಿದ್ದ ದನಿ.

"ಆ ಹುಡುಗಿ ಏನಾದ್ಲೋ ಪಾಪ," ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ನಿಂಗೂ ಕಳಿಸ್ಲಾ?"

"ಬೇಡಮ್ಮ," ಎಂದಳು ಅಕ್ಕ. ಕಡ್ಡಿ ಕೈಯಲ್ಲಿ ಹೆಚ್ಚೇ ಬಾಗಿಹೋಗಿತ್ತು. ಅದನ್ನು ಮತ್ತೆ ಬಿಸಿ ಮಾಡಿ ನೆಟ್ಟಗೆ ಮಾಡಿದಳು.

ಅಂದು ಸಂಜೆ ಅಕ್ಕನ ಗಂಡ ಹಜಾರದಲ್ಲಿ ಕೂತು ಷರ್ಟಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದ. ಗುಂಡಿ ಹೊಲಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ಅವನದು. ಅಕ್ಕ ಅಂಗಡಿಯಲ್ಲಿ ಕೇಳಿದ್ದನ್ನು ಪಿಟೀಲಿನ ಸಮೇತ ಅವನಿಗೆ ಹೇಳಿದಳು.

"ರೀ, ಗ್ರೂಪಲ್ಲೇ ಎಲ್ಲರ ಮುಂದೆ ಕ್ಷಮೆ ಕೇಳ್ಬಿಡ್ತೀನಿ," ಎಂದಳು ಅಕ್ಕ.

"ಕೇಳು."

"ಇನ್ನೊಬ್ಬರ ಮನಸ್ಸಿನ ಮಾತನ್ನ ನಾನು ಹೊರಗೆ ಹಾಕಬಾರದಿತ್ತು ಅಂತ. ನನ್ನ ತಂಗಿ ನನ್ನ ನಂಬಿ ಹೇಳಿದ್ದು ಅಂತ."

"ಹೂಂ. ಏನು ಹೇಳಿದ್ಲು ಅಂತ ಕೇಳ್ತಾರೆ. ಈಗ ಹೇಗಿದಾಳೆ ಅಂತಾರೆ. ನಿನ್ನ ಕ್ಷಮೆಗೂ ಪಿಟೀಲು ಹಾಕಿ ಕಳಿಸ್ತಾರೆ." ಅವನು ದಾರವನ್ನು ಹಲ್ಲಿನಿಂದ ಕಡಿದ. "ಅಳ್ಬೇಡ ಮಾರಾಯ್ತಿ, ತಮಾಷೆಗೆ ಅಂದೆ."

ತಮಾಷೆಗೆ ಅಂದದ್ದಾಗಿರಲಿಲ್ಲ. ಅಕ್ಕನಿಗೂ ಅದು ಗೊತ್ತಾಯಿತು. ಕ್ಷಮೆಯ ಮಾತುಗಳು ಆಗಲೇ ಮನಸ್ಸಿನಲ್ಲಿ ಸಾಲುಗಟ್ಟಿ ನಿಂತಿದ್ದವು, ಎಲ್ಲಿ ದನಿ ನಡುಗಬೇಕು ಎಂಬುದೂ ಸೇರಿ. ಏನೇ ಹೇಳಿದರೂ ತಂಗಿಯನ್ನು ಮತ್ತೊಮ್ಮೆ ಎಳೆದು ತಂದು ನಡುಮನೆಯಲ್ಲಿ ನಿಲ್ಲಿಸಿದಂತೆ. ಹೇಳದೆ ಇರುವುದು ಒಂದೇ ಉಳಿದಿತ್ತು. ಹೇಳದೆ ಇದ್ದೆ ಎಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಪ್ರಾರ್ಥನೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. 'ಅಕ್ಕ ಹುಷಾರಾಗಿದ್ದೀರಾ?' ಎಂದು ಕೇಳಿದರು. 'ಹುಷಾರಾಗಿದ್ದೀನಿ, ಇನ್ನು ಬೇರೆಯವರು ಮಾಡಲಿ' ಎಂದು ಬರೆದಳು. ಯಾಕೆ ಎಂದವರಿಗೆ ಉತ್ತರ ಬರೆಯಲಿಲ್ಲ. 'ಅಷ್ಟು ಜನ ಹೊಗಳಿದ್ರಲ್ಲ, ಕೊಂಬು ಬಂದಿರಬೇಕು' ಎಂದು ಗುಡ್‌ಮಾರ್ನಿಂಗ್ ಆಂಟಿ ಬೇರೆ ಯಾರಿಗೋ ಕಳಿಸಲು ಹೋಗಿ ಗ್ರೂಪಿಗೇ ಕಳಿಸಿ, ತಡಬಡಾಯಿಸಿ ಅದರ ಮೇಲೆ ಗುಲಾಬಿ ಹೂವುಗಳನ್ನು ಸುರಿದರು. ಅಕ್ಕ ಅದನ್ನು ಓದಿದಳು. ನೋವಾಯಿತು, ಆದರೆ ಅದು ಅವಳೊಬ್ಬಳದೇ ನೋವು. ಯಾರೂ ಅದಕ್ಕೆ ಕೈಮುಗಿದ ಗುರುತು ಹಾಕುವಂತಿರಲಿಲ್ಲ.

ತಿಂಗಳ ಹೆಂಗಸರ ಕೂಟಕ್ಕೆ ತಂಗಿ ಬಂದಳು. ಕೂಟಕ್ಕೆಂದು ಬಂದವಳಲ್ಲ, ಮನೆಯಲ್ಲಿ ಉಳಿದಿದ್ದ ಚಿತ್ರದ ಹಲಗೆಗಳನ್ನು ಹಿಂದಿರುಗಿಸಲು ಬಂದಿದ್ದಳು. ಪಾಸ್ಟರಮ್ಮ ಕೈಹಿಡಿದು ಕೂರಿಸಿದ್ದರಿಂದ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹಾಡಾಯಿತು. ಆಮೇಲೆ ಪಾಸ್ಟರಮ್ಮ ಮುಂದಿನ ಸಾಲಿನಲ್ಲಿದ್ದ ಅಕ್ಕನ ಕಡೆ ತಿರುಗಿದರು.

"ಅಕ್ಕಾ, ಎಲ್ಲರೂ ಉಪವಾಸ ಮಾಡಿ ಬೇಡ್ಕೊಂಡಿದ್ದಾರೆ. ದೇವರು ಏನು ಉತ್ತರ ಕೊಟ್ಟ ಅಂತ ತಿಳ್ಕೊಳ್ಳೋ ಆಸೆ ಎಲ್ಲರಿಗೂ ಇದೆ. ಎರಡು ಮಾತು ಸಾಕ್ಷಿ ಹೇಳಿ."

ಅಕ್ಕ ಎದ್ದು ನಿಂತಳು. ಫ್ಯಾನು ತಿರುಗುತ್ತಿತ್ತು. ಇಬ್ಬರು ಆಗಲೇ ಫೋನುಗಳನ್ನು ಅವಳ ಕಡೆ ಎತ್ತಿ ಹಿಡಿದಿದ್ದರು. ತಂಗಿ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಬಿಗಿದಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು, ಚಿಕ್ಕವಳಿದ್ದಾಗ ಪೆಟ್ಟಿಗೆ ಕಾಯುತ್ತಾ ನಿಂತಾಗ ಬಿಗಿಯುತ್ತಿದ್ದ ಹಾಗೆ.

"ನನಗೆ ಹೇಳೋದು ಏನೂ ಇಲ್ಲ," ಎಂದಳು ಅಕ್ಕ.

"ಅಂದ್ರೆ? ದೇವರು ಕೇಳ್ಲಿಲ್ಲ ಅಂತಾನಾ?" ಎಂದರು ಗುಡ್‌ಮಾರ್ನಿಂಗ್ ಆಂಟಿ.

ಅಕ್ಕ ಉತ್ತರಿಸಲಿಲ್ಲ. ಸುಮ್ಮನೆ ನಿಂತಳು. ಯಾರೋ ಕೆಮ್ಮಿದರು. ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಎತ್ತಿ ಹಿಡಿದಿದ್ದ ಫೋನುಗಳಲ್ಲಿ ಒಂದು ಕೆಳಗಿಳಿಯಿತು, ಇನ್ನೊಂದು ಇನ್ನೂ ಆಸೆಯಿಂದ ಕಾಯಿತು. ಮಾತು ತಿಳಿಯದೆ ಅಲ್ಲ, ತಿಳಿದೂ ನುಂಗಿಕೊಂಡು ನಿಲ್ಲುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಕಡೆಗೆ ಪಾಸ್ಟರಮ್ಮ, ಬೇಸರವನ್ನು ನಗುವಿನಲ್ಲಿ ಮುಚ್ಚಿಕೊಂಡು, ಕೂತ್ಕೊಳ್ಳಿ ಎಂದರು.

ಕೂಟ ಮುಗಿದ ಮೇಲೆ ಯಾರೂ ಅಕ್ಕನ ಜೊತೆ ನಿಲ್ಲಲಿಲ್ಲ. ಅವಳು ಬಸ್ ನಿಲ್ದಾಣಕ್ಕೆ ಬಂದಾಗ ತಂಗಿ ಅಲ್ಲಿದ್ದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅಕ್ಕ ಬೆಂಚಿನ ಮೇಲೆ ಕೂತಳು. ಎದುರಿನ ಔಷಧಿ ಅಂಗಡಿಯವನು ಅರ್ಧ ಷಟರ್ ಇಳಿಸಿ, ಅದರ ಕೆಳಗಿನಿಂದ ಬಗ್ಗಿ ಒಳಗೆ ಹೋದ.

"ಯಾಕೆ ಏನೂ ಹೇಳ್ಲಿಲ್ಲ?" ತಂಗಿ ರಸ್ತೆಯನ್ನೇ ನೋಡುತ್ತಾ ಕೇಳಿದಳು.

"ಅದು ನಂದಲ್ಲ ಪುಟ್ಟಿ."

ತಂಗಿ ತಲೆಯಾಡಿಸಿದಳು. ಒಪ್ಪಿದ್ದಕ್ಕೋ, ಕೇಳಿಸಿತು ಎಂದಷ್ಟಕ್ಕೋ ತಿಳಿಯಲಿಲ್ಲ. ಆಮೇಲೆ, "ನಿನ್ನೆ ಆ ಮಗು ಬೀದಿಯಲ್ಲಿ ಸಿಕ್ಕಿತ್ತು," ಎಂದಳು. "ಅದೇ, ಅವತ್ತು ಸೆರಗು ಹಿಡ್ಕೊಂಡಿತ್ತಲ್ಲ. ಅವರಮ್ಮ ಕೈ ಎಳ್ಕೊಂಡು ಆ ಕಡೆ ದಾಟಿಸಿದ್ಲು."

ಅಕ್ಕ ಅವಳ ಕೈ ಹಿಡಿಯಬೇಕೆಂದುಕೊಂಡಳು. ಹಿಡಿಯಲು ಧೈರ್ಯ ಸಾಲಲಿಲ್ಲ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದಳು. ತಂಗಿ ಏನೋ ಹೇಳಲು ತುಟಿ ತೆರೆದಳು. ಅಕ್ಕನ ಮಡಿಲಿನಲ್ಲಿದ್ದ ಕೈಚೀಲದ ಕಡೆ, ಅದರ ಬಾಯಿಂದ ಇಣುಕುತ್ತಿದ್ದ ಫೋನಿನ ಕಡೆ ಅವಳ ಕಣ್ಣು ಹೋಯಿತು. ತುಟಿ ಮುಚ್ಚಿಕೊಂಡಿತು.

"ನೀನು ಹೇಗಿದೀಯ ಪುಟ್ಟಿ?" ಎಂದಳು ಅಕ್ಕ.

"ಚೆನ್ನಾಗಿದೀನಿ ಅಕ್ಕ. ಎಲ್ಲಾ ಚೆನ್ನಾಗಿದೆ." ಕೂಟದ ಹೆಂಗಸರು ಕೇಳಿದಾಗ ಹೇಳುತ್ತಿದ್ದಂಥದೇ ಉತ್ತರ, ಅದೇ ನಗು.

ಅವಳ ಬಸ್ಸು ಬಂತು. ಎದ್ದು ಸೆರಗು ಸರಿಮಾಡಿಕೊಂಡಳು. ಮನೆಯಿಂದ ಹೊರಡುವಾಗ, ಅಂಗಡಿಯಿಂದ ಹೊರಡುವಾಗ, ಮದುವೆಯಾಗಿ ಗಂಡನ ಜೊತೆ ಹೊರಡುವಾಗಲೂ ಅವಳು 'ಬರ್ತೀನಿ ಅಕ್ಕ' ಎಂದೇ ಹೇಳಿದವಳು. ಹೋಗುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ.

"ಹೋಗ್ತೀನಿ," ಎಂದಳು ತಂಗಿ.

ಬಸ್ಸಿನ ಒಳದೀಪದಲ್ಲಿ ಅವಳು ಸೀಟು ಹುಡುಕುತ್ತಾ ಹಿಂದೆ ಹಿಂದೆ ನಡೆಯುವುದು ಕಾಣಿಸಿತು. ಈ ಬದಿಯ ಕಿಟಕಿ ಖಾಲಿ ಇತ್ತು. ಅವಳು ಆ ಬದಿಗೆ ಹೋಗಿ ಕೂತಳು.